ಸೀರೆಯ ಎಣಿಕೆ, ಸಹಿಯ ಹೊಣೆ

ಹೆಣ್ಣುಮಕ್ಕಳು ಅಧಿಕಾರಕ್ಕೆ ಬಂದರೆ ಲಂಚ ಕಡಿಮೆಯಾಗುತ್ತದೆ ಎಂಬ ಮಾತು ಪಂಚಾಯಿತಿ ಚುನಾವಣೆಯ ಭಾಷಣಗಳಲ್ಲಿ, ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ, ಮೀಸಲಾತಿಯ ಚರ್ಚೆಗಳಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ, ಅದಕ್ಕೊಂದು ಪುರಾವೆ ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಓಡಾಡುತ್ತದೆ: ಅಧ್ಯಕ್ಷೆ ಹೆಸರಿಗೆ ಮಾತ್ರ, ದುಡ್ಡು ತಿನ್ನುವವನು ಗಂಡ. ಮೂರನೆಯದೂ ಉಂಟು: ಅಧಿಕಾರದ ರುಚಿ ಹತ್ತಿದರೆ ಹೆಂಗಸು ಗಂಡಸನ್ನೂ ಮೀರಿಸುತ್ತಾಳೆ. ಮೂರೂ ಒಂದಕ್ಕೊಂದು ಹೊಂದದ ಮಾತುಗಳು. ಹಾಗಿದ್ದೂ ಒಂದೇ ಊರಿನ ಅರಳಿಕಟ್ಟೆಯ ಮೇಲೆ ಕೂತ ಒಬ್ಬನೇ ಮನುಷ್ಯ ಮೂರನ್ನೂ ಒಂದೇ ಸಂಜೆ ಹೇಳಬಲ್ಲ, ಕೇಳುವವರು ಮೂರಕ್ಕೂ ತಲೆಯಾಡಿಸಬಲ್ಲರು. ಇದು ಸಾಧ್ಯವಾಗುವುದು ಮೂರರ ಬೇರೂ ಒಂದೇ ಆಗಿರುವುದರಿಂದ. ಗಂಡಸಿನ ಪ್ರಾಮಾಣಿಕತೆಯನ್ನು ನಾವು ಅವನ ನಡತೆಯಿಂದ ಅಳೆಯುತ್ತೇವೆ, ಹೆಂಗಸಿನದನ್ನು ಅವಳ ಹೆಣ್ತನದಿಂದ. ಈ ಮೂರು ಮಾತುಗಳಲ್ಲಿ ಮಹಿಳೆಯರ ರಾಜಕೀಯಕ್ಕೆ ಹೆಚ್ಚು ಕೇಡು ಮಾಡಿದ್ದು ಮೊದಲನೆಯದು, ಆ ಹೊಗಳಿಕೆ. ಕರ್ನಾಟಕದ ಕಳೆದ ನೂರು ವರ್ಷಗಳ ಅನುಭವವನ್ನು ಹತ್ತಿರದಿಂದ ನೋಡಿದರೆ ಅದು ಸ್ಪಷ್ಟವಾಗುತ್ತದೆ.

ಮೊದಲ ತಲೆಮಾರಿನ ಹೋರಾಟಗಾರ್ತಿಯರು ಈ ಹೊಗಳಿಕೆಯನ್ನು ಬಯಸಿರಲಿಲ್ಲ ಎಂಬುದನ್ನು ಮರೆಯಬಾರದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿದರು. ಮಹಿಳೆಯರು ಅಲ್ಲಿ ಸದಸ್ಯರಾಗಬಹುದೆಂಬ ತೀರ್ಮಾನ ಆಗಷ್ಟೇ ಹೊರಬಿದ್ದಿತ್ತು. ಅವರು ಅಲ್ಪ ಅಂತರದಲ್ಲಿ ಸೋತರು. ನಾಲ್ಕು ವರ್ಷಗಳ ನಂತರ ಗಾಂಧೀಜಿ ದಂಡಿಗೆ ಹೊರಟಾಗ ಸಂಗಡ ಒಬ್ಬ ಮಹಿಳೆಯನ್ನೂ ಕರೆದೊಯ್ಯಲಿಲ್ಲ. ಹೆಂಗಸರಿಗೆ ಅವರು ಒಪ್ಪಿಸಲು ಬಯಸಿದ್ದು ಹೆಂಡದಂಗಡಿ ಮತ್ತು ವಿದೇಶಿ ಬಟ್ಟೆ ಅಂಗಡಿಗಳ ಮುಂದಿನ ಪಿಕೆಟಿಂಗ್ ಕೆಲಸವನ್ನು. ತ್ಯಾಗ, ಸಹನೆ, ಶುದ್ಧಿ ಹೆಣ್ಣಿಗೆ ಸಹಜವಾದವು, ಆದ್ದರಿಂದ ಸಮಾಜದ ಕೊಳೆ ತೊಳೆಯುವ ಕೆಲಸ ಅವಳಿಗೇ ಒಪ್ಪುತ್ತದೆ ಎಂಬುದು ಅವರ ನಂಬಿಕೆ. ಕಮಲಾದೇವಿ ಇದನ್ನು ಒಪ್ಪಲಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲೂ ಮಹಿಳೆಯರಿಗೆ ಪಾಲು ಬೇಕೆಂದು ಗಾಂಧೀಜಿಯನ್ನು ಕಂಡು ವಾದಿಸಿ ಒಪ್ಪಿಸಿದರು, ಮುಂಬೈಯಲ್ಲಿ ಉಪ್ಪು ಮಾಡಿ ಮಾರಿ ಜೈಲಿಗೆ ಹೋದರು. ಪಿಕೆಟಿಂಗ್ ಕಡಿಮೆ ದರ್ಜೆಯ ಕೆಲಸವೆಂದು ಹೀಗಳೆಯಬೇಕಿಲ್ಲ. ಸಾವಿರಾರು ಮಹಿಳೆಯರು ಅದರ ಮೂಲಕವೇ ಬೀದಿಗೆ ಬಂದರು. ಆದರೆ ಶುದ್ಧಳು ಎಂಬ ಕಾರಣಕ್ಕೆ ಕೊಟ್ಟ ಕೆಲಸಕ್ಕೂ ಪ್ರಜೆ ಎಂಬ ಕಾರಣಕ್ಕೆ ಕೇಳಿ ಪಡೆದ ಕೆಲಸಕ್ಕೂ ಇರುವ ಅಂತರವನ್ನು ಕಮಲಾದೇವಿ ಅಂದೇ ಕಂಡಿದ್ದರು.

1931ರಲ್ಲಿ ದೇಶದ ಪ್ರಮುಖ ಮಹಿಳಾ ಸಂಘಟನೆಗಳು ಒಟ್ಟಾಗಿ ಕೇಳಿದ್ದು ವಯಸ್ಕ ಮತಾಧಿಕಾರವನ್ನು. ವಿಶೇಷ ಸ್ಥಾನಗಳನ್ನು ಅವು ಬೇಡವೆಂದವು. 1946ರಲ್ಲಿ ಸಂವಿಧಾನ ಸಭೆಯಲ್ಲಿ ಮಾತಾಡಿದ ಹಂಸಾ ಮೆಹ್ತಾ ಅವರ ನಿಲುವೂ ಇದೇ: ಮೀಸಲು ಸ್ಥಾನ ಬೇಡ, ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಬೇಕು. ಆ ನ್ಯಾಯ ತಾನಾಗಿ ಬರಲಿಲ್ಲ. 1974ರಲ್ಲಿ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿ ವರದಿ ಕೊಟ್ಟಾಗಲೂ ಶಾಸನಸಭೆಗಳ ಮೀಸಲಾತಿಯನ್ನು ಬಹುಮತ ಒಪ್ಪಲಿಲ್ಲ. ಲೋತಿಕಾ ಸರ್ಕಾರ್ ಮತ್ತು ವೀಣಾ ಮಜುಂದಾರ್ ಭಿನ್ನಮತ ಬರೆದರು. ಆ ಭಿನ್ನಮತದ ಬಲವಿದ್ದದ್ದು ಪ್ರಾತಿನಿಧ್ಯದ ಲೆಕ್ಕದಲ್ಲಿ. ಸ್ವಾತಂತ್ರ್ಯ ಬಂದು ಕಾಲು ಶತಮಾನವಾದರೂ ಅರ್ಧ ಜನಸಂಖ್ಯೆಗೆ ಸಭೆಯಲ್ಲಿ ಹಿಡಿಯಷ್ಟು ಜಾಗ ಇದ್ದರೆ ಅದನ್ನು ಸಮಾನತೆ ಎನ್ನಲಾಗದು. ಮೀಸಲಾತಿ ಬೇಡ ಎಂದವರೂ ಬೇಕು ಎಂದವರೂ ನ್ಯಾಯದ ಹೆಸರಿನಲ್ಲಿ ವಾದಿಸಿದರು ಎಂಬುದನ್ನು ಇಲ್ಲಿ ಗಮನಿಸಬೇಕು. ಹೆಣ್ಣು ಲಂಚ ಮುಟ್ಟುವುದಿಲ್ಲ, ಆದ್ದರಿಂದ ಅವಳಿಗೆ ಕುರ್ಚಿ ಕೊಡಿ ಎಂಬುದು ಈ ವಾದಗಳ ಬುನಾದಿಯಾಗಿರಲಿಲ್ಲ.

ಮೀಸಲಾತಿಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ತೋರಿಸಿದ ರಾಜ್ಯಗಳಲ್ಲಿ ಕರ್ನಾಟಕ ಮುಂದೆ ನಿಲ್ಲುತ್ತದೆ. ರಾಮಕೃಷ್ಣ ಹೆಗಡೆಯವರ ಸರ್ಕಾರ, ಅದರಲ್ಲೂ ಮುಖ್ಯವಾಗಿ ಸಚಿವ ಅಬ್ದುಲ್ ನಜೀರ್‌ಸಾಬ್ ಅವರು, ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಮಹಿಳೆಯರಿಗೆ ಇಟ್ಟಿತು. 1987ರ ಜನವರಿಯ ಚುನಾವಣೆಯಲ್ಲಿ ಸುಮಾರು 14,000 ಮಹಿಳೆಯರು ಆಯ್ಕೆಯಾದರು. ಅಷ್ಟು ಹೆಣ್ಣುಮಕ್ಕಳು ಎಲ್ಲಿ ಸಿಗುತ್ತಾರೆ ಎಂದು ಗೊಣಗಿದವರಿಗೆ ಉತ್ತರ ಮತಪೆಟ್ಟಿಗೆಯಲ್ಲೇ ಇತ್ತು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಪಂಚಾಯತ್ ರಾಜ್ ಕಾಯ್ದೆ ಮೂರನೇ ಒಂದು ಪಾಲು ಮೀಸಲಿಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಗೆದ್ದುಬಂದ ಮಹಿಳೆಯರ ಪ್ರಮಾಣ ನೂರಕ್ಕೆ 40ನ್ನು ದಾಟಿತು. 2010ರ ತಿದ್ದುಪಡಿ ಮೀಸಲನ್ನು ಅರ್ಧಕ್ಕೇರಿಸಿತು. ಸಂಸತ್ತಿನಲ್ಲಿ ಮಹಿಳಾ ಮೀಸಲಾತಿ ಮಸೂದೆ ಮೊದಲು ಮಂಡನೆಯಾದದ್ದೂ 1996ರ ಸೆಪ್ಟೆಂಬರಿನಲ್ಲಿ, ಹಾಸನದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದು ಸಂವಿಧಾನ ಸೇರಲು 2023ರವರೆಗೆ, ಅಂದರೆ 27 ವರ್ಷ, ಕಾಯಬೇಕಾಯಿತು. ಹಕ್ಕಿನ ವಾದ ಒಂದೇ ಸಾಲದೆಂದು ಮೀಸಲಾತಿಯ ಪರ ಇದ್ದವರಿಗೇ ಅನ್ನಿಸತೊಡಗಿದ್ದು ಈ ದೀರ್ಘ ಕಾಯುವಿಕೆಯಲ್ಲಿ. ಸಮಾಜಕ್ಕೆ ಲಾಭ ತೋರಿಸಿದರೆ ಬಾಗಿಲು ಬೇಗ ತೆರೆದೀತು ಎಂದು ಲೆಕ್ಕ ಹಾಕಿದರು. ಲಾಭದ ಪಟ್ಟಿಯ ಮೇಲ್ತುದಿಯಲ್ಲಿ ಕಾಣಿಸಿಕೊಂಡದ್ದು ಪ್ರಾಮಾಣಿಕತೆ.

ಅದಕ್ಕೆ ವಿದ್ವತ್ತಿನ ಮುದ್ರೆಯೂ ಬಿತ್ತು. ವಿಶ್ವಬ್ಯಾಂಕಿನ ಸಂಶೋಧಕರಾದ ಡೇವಿಡ್ ಡಾಲರ್, ರೇಮಂಡ್ ಫಿಸ್ಮನ್, ರಾಬರ್ಟಾ ಗಟ್ಟಿ 1999ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಅಂಕಿಅಂಶ ಹೋಲಿಸಿ, ಸಂಸತ್ತಿನಲ್ಲಿ ಮಹಿಳೆಯರು ಹೆಚ್ಚಿದ್ದಲ್ಲಿ ಭ್ರಷ್ಟಾಚಾರ ಕಡಿಮೆ ಎಂದು ತೋರಿಸಿದರು. 2001ರಲ್ಲಿ ಬಂದ ಮತ್ತೊಂದು ಅಧ್ಯಯನವೂ ಅದೇ ದಿಕ್ಕಿನಲ್ಲಿತ್ತು. ಪೆರುವಿನ ರಾಜಧಾನಿ ಲೀಮಾದಲ್ಲಿ, ಲಂಚ ತಪ್ಪಿಸಲು ಸಂಚಾರ ಪೊಲೀಸ್ ಕೆಲಸವನ್ನು ಮಹಿಳೆಯರ ಕೈಗೆ ಒಪ್ಪಿಸುವ ಪ್ರಯೋಗ ಆಗಲೇ ಶುರುವಾಗಿತ್ತು. ಆದರೆ ಎರಡು ಸಂಗತಿ ಜೊತೆಜೊತೆಯಾಗಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. 2003ರಲ್ಲಿ ಹಂಗ್-ಎನ್ ಸುಂಗ್ ಎಂಬ ವಿದ್ವಾಂಸರು ಅದೇ ಬಗೆಯ ಅಂಕಿಅಂಶಗಳ ಪಕ್ಕದಲ್ಲಿ ಕಾನೂನಿನ ಆಳ್ವಿಕೆ, ಪತ್ರಿಕಾ ಸ್ವಾತಂತ್ರ್ಯ, ಮುಕ್ತ ಚುನಾವಣೆಗಳನ್ನೂ ಇಟ್ಟು ನೋಡಿದಾಗ ಹೆಣ್ಣು-ಗಂಡಿನ ವ್ಯತ್ಯಾಸದ ತೂಕ ಕರಗಿಹೋಯಿತು. ಮಹಿಳೆಯರನ್ನು ಸಂಸತ್ತಿಗೆ ಕಳಿಸುವ ಉದಾರ ವ್ಯವಸ್ಥೆಯೇ ಲಂಚವನ್ನೂ ಹಿಡಿತದಲ್ಲಿಡುತ್ತಿತ್ತು. ಎರಡೂ ಒಂದೇ ಮೂಲದ ಫಲ. 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಮೆಲ್ಬರ್ನ್, ದೆಹಲಿ, ಜಕಾರ್ತ, ಸಿಂಗಪುರಗಳಲ್ಲಿ ಜನರಿಗೆ ಲಂಚ ಕೊಡುವ, ತೆಗೆದುಕೊಳ್ಳುವ, ತಡೆಯುವ ಸನ್ನಿವೇಶಗಳ ಆಟ ಆಡಿಸಿದರು. ಮಹಿಳೆಯರು ಪುರುಷರಿಗಿಂತ ಭಿನ್ನವಾಗಿ ನಡೆದುಕೊಂಡದ್ದು ಆಸ್ಟ್ರೇಲಿಯಾದಲ್ಲಿ ಮಾತ್ರ. ಉಳಿದ ಮೂರೂ ಕಡೆ, ದೆಹಲಿಯೂ ಸೇರಿದಂತೆ, ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಹುಟ್ಟಿನಿಂದ ಬಂದ ಗುಣವಾಗಿದ್ದರೆ ಅದು ದೇಶದ ಗಡಿಯನ್ನು ನೋಡಿ ಬದಲಾಗುತ್ತಿರಲಿಲ್ಲ.

ಪಂಚಾಯಿತಿಗಳ ಮಟ್ಟದಲ್ಲಿ ದೊರೆತ ಪುರಾವೆ ಇನ್ನೂ ಜಟಿಲ, ಆದ್ದರಿಂದ ಇನ್ನೂ ಬೆಲೆಯುಳ್ಳದ್ದು. ಎಸ್ತರ್ ಡುಫ್ಲೊ ಮತ್ತು ಪೆಟಿಯಾ ಟೊಪಲೋವಾ 2004ರಲ್ಲಿ ಭಾರತದ ಹಲವು ರಾಜ್ಯಗಳ ಹಳ್ಳಿಗಳ ಸಮೀಕ್ಷೆಯನ್ನು ವಿಶ್ಲೇಷಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿದ್ದ ಹಳ್ಳಿಗಳಲ್ಲಿ ಕುಡಿಯುವ ನೀರಿನ ಸೌಲಭ್ಯ ಹೆಚ್ಚಿತ್ತು, ಅದರ ಗುಣಮಟ್ಟ ಕಡಿಮೆಯೇನೂ ಇರಲಿಲ್ಲ, ಜನ ಲಂಚ ಕೊಟ್ಟದ್ದೂ ಕಡಿಮೆ. ಆದರೂ ಆ ಹಳ್ಳಿಗಳ ಜನ ತಮ್ಮ ಪಂಚಾಯಿತಿಯ ಬಗ್ಗೆ ಹೆಚ್ಚು ಅತೃಪ್ತರಾಗಿದ್ದರು. ನೀರು ಚೆನ್ನಾಗಿ ಬರುವ ಊರಿನಲ್ಲೂ ನೀರಿನ ಬಗ್ಗೆಯೇ ದೂರಿದರು. ಕಣ್ಣೆದುರಿನ ಕೊಳಾಯಿಗಿಂತ ತಲೆಯೊಳಗಿನ ಚಿತ್ರ ಬಲವಾಗಿತ್ತು. ಇದಕ್ಕೆ ಎದುರಾದ ಫಲಿತಾಂಶವೂ ನಮ್ಮ ನೆರೆಯಲ್ಲೇ ಇದೆ. ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತರಿ ಯೋಜನೆಯ ಸಾಮಾಜಿಕ ಲೆಕ್ಕಪರಿಶೋಧನೆಯ ವರದಿಗಳನ್ನು ಆಧರಿಸಿ ಫರ್ಜಾನಾ ಅಫ್ರೀದಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಮಹಿಳೆಗೆ ಮೀಸಲಾದ ಸರ್ಪಂಚ್ ಸ್ಥಾನಗಳಿದ್ದ ಪಂಚಾಯಿತಿಗಳಲ್ಲಿ ಆರಂಭದಲ್ಲಿ ಅಕ್ರಮಗಳು ಹೆಚ್ಚೇ ಇದ್ದವು. ದಿನ ಕಳೆದು ಅವರು ಕೆಲಸ ಕಲಿತಂತೆ ಆ ಅಂತರ ಮುಚ್ಚಿಕೊಂಡಿತು, ಪುರುಷರಿಗಿಂತ ಮೇಲಕ್ಕೇನೂ ಏರಲಿಲ್ಲ. ಈ ಎರಡು ಅಧ್ಯಯನಗಳಲ್ಲಿ ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ಮುಚ್ಚಿಡುವವರನ್ನು ಎರಡೂ ಪಕ್ಷಗಳಲ್ಲಿ ಕಾಣಬಹುದು. ಒಟ್ಟಿಗೆ ಓದಿದರೆ ಅವು ಹೇಳುವುದು ಒಂದೇ: ಹಣ ಸೋರುವುದೂ ನಿಲ್ಲುವುದೂ ಅಧಿಕಾರದಲ್ಲಿರುವವರ ಅನುಭವ, ಅವರ ಮೇಲಿನ ಕಣ್ಗಾವಲು, ಅವರ ಸುತ್ತಲಿನ ಜನ ಇವುಗಳನ್ನು ಅವಲಂಬಿಸಿದೆ.

ಸುತ್ತಲಿನ ಜನ ಎಂದಾಗ ಗ್ರಾಮ ಪಂಚಾಯಿತಿಯಲ್ಲಿ ದುಡ್ಡು ಹೇಗೆ ಸೋರುತ್ತದೆ ಎಂಬುದನ್ನು ನೋಡಲೇಬೇಕು. ಕಾಮಗಾರಿಯ ಅಂದಾಜುಪಟ್ಟಿ ತಯಾರಿಸುವವರು ಇಂಜಿನಿಯರು. ಅಳತೆ ಪುಸ್ತಕ ಬರೆಯುವವರೂ ಅವರೇ. ಕೆಲಸ ಮಾಡಿಸುವವನು ಗುತ್ತಿಗೆದಾರ. ಬಿಲ್ಲು ಪಾಸಾಗಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಊರಿನವರ ಬಾಯಲ್ಲಿ ಪಿಡಿಒ, ಮತ್ತು ಅಧ್ಯಕ್ಷರ ಜಂಟಿ ಸಹಿ ಬೇಕು. ಈಗೀಗ ಅದು ಡಿಜಿಟಲ್ ಸಹಿಯ ಡೋಂಗಲ್. ನಡುವೆ ಪರ್ಸೆಂಟೇಜಿನ ಲೆಕ್ಕ ನಡೆಯುತ್ತದೆ. ಖಾತೆಗೆ, ಮನೆ ಮಂಜೂರಾತಿಗೆ ಅದರದೇ ದರ. ಈ ಸರಪಳಿ ಹೊಸದಾಗಿ ಗೆದ್ದುಬಂದ ಹೆಣ್ಣುಮಗಳು ಕಟ್ಟಿದ್ದಲ್ಲ, ಅವಳು ಬರುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ. ಅವಳಿಂದ ಅದಕ್ಕೆ ಬೇಕಾದದ್ದು ಸಹಿ. ಗಂಡನೋ ಮೈದುನನೋ ಊರಿನ ದೊಡ್ಡ ಹಿಡುವಳಿದಾರನೋ ಚೆಕ್ಕು ತಂದು ಮುಂದಿಟ್ಟರೆ, ಓದಿ ಪ್ರಶ್ನೆ ಕೇಳುವ ಅಧ್ಯಕ್ಷೆ ಜಗಳಗಂಟಿಯಾಗುತ್ತಾಳೆ, ಸುಮ್ಮನೆ ಸಹಿ ಹಾಕುವವಳು ಕೈಗೊಂಬೆಯಾಗುತ್ತಾಳೆ. ಹಗರಣ ಹೊರಬಿದ್ದ ದಿನ ಗಂಡನ ಹೆಸರು ಕಡತದಲ್ಲಿ ಎಲ್ಲೂ ಇರುವುದಿಲ್ಲ, ಸಹಿ ಮಾತ್ರ ಅವಳದು, ವಸೂಲಿಯ ನೋಟಿಸು ಅವಳಿಗೆ. ಪತಿಯಂದಿರು ಸಭೆಯಲ್ಲಿ ಕೂರಬಾರದೆಂದು ಸರ್ಕಾರ ಸುತ್ತೋಲೆ ಹೊರಡಿಸಿದ್ದುಂಟು. ಹಿಂದಿನ ಸಾಲಿನ ಕುರ್ಚಿಯಿಂದ ಗಂಡನನ್ನು ಎಬ್ಬಿಸುವುದು ಸುತ್ತೋಲೆಯಿಂದ ಆದೀತು, ಮನೆಯ ಒಳಗಿನ ಅಂಜಿಕೆಯನ್ನು ಎಬ್ಬಿಸುವುದು ಅದರಿಂದ ಆಗದು. ಶುದ್ಧಳೆಂದು ಮೆಚ್ಚಿ ಕುರ್ಚಿಯಲ್ಲಿ ಕೂರಿಸಿದ ಸಮಾಜ, ಹೊಣೆಯನ್ನೆಲ್ಲ ಅವಳ ಹೆಗಲಿಗೆ ಹೊರಿಸಿ ಅಧಿಕಾರವನ್ನು ಬೇರೆಯವರ ಕೈಯಲ್ಲಿಟ್ಟಿತು. ಇದು ನನಗೆ ಕಾಣುವ ದೊಡ್ಡ ಅನ್ಯಾಯ.

ಮೂರನೆಯ ಮಾತಿಗೆ, ಅಂದರೆ ಹೆಂಗಸು ಕೆಟ್ಟರೆ ಗಂಡಸನ್ನೂ ಮೀರಿಸುತ್ತಾಳೆ ಎಂಬುದಕ್ಕೆ, ನಮ್ಮ ಕಾಲದ ದೊಡ್ಡ ನಿದರ್ಶನವಾಗಿ ಎಲ್ಲರೂ ಎತ್ತುವ ಹೆಸರು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರದು. ಅವರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆಯ ವಿಚಾರಣೆ ನಡೆದದ್ದು ಬೆಂಗಳೂರಿನಲ್ಲಿ. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಪ್ರಕರಣವನ್ನು ಇಲ್ಲಿಗೆ ವರ್ಗಾಯಿಸಿತ್ತು. 1991ರಿಂದ 1996ರವರೆಗಿನ ಅಧಿಕಾರಾವಧಿಯಲ್ಲಿ ಆದಾಯ ಮೀರಿ 66.65 ಕೋಟಿ ರೂಪಾಯಿ ಆಸ್ತಿ ಗಳಿಸಿದ ಆರೋಪ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕಲ್ ಡಿಕುನ್ಹಾ 4 ವರ್ಷ ಸೆರೆ, 100 ಕೋಟಿ ದಂಡ ವಿಧಿಸಿದರು. 2015ರಲ್ಲಿ ಹೈಕೋರ್ಟು ಖುಲಾಸೆ ಮಾಡಿತು; ಸಾಲದ ಮೊತ್ತ ಕೂಡುವಲ್ಲಿ ಆದ ತಪ್ಪಿನ ಬಗ್ಗೆ ಚರ್ಚೆ ಎದ್ದಿತು, ಕರ್ನಾಟಕ ಸರ್ಕಾರ ಮೇಲ್ಮನವಿ ಹೋಯಿತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದು ಉಳಿದ ಮೂವರು ಸಹ ಆರೋಪಿಗಳನ್ನು ಜೈಲಿಗೆ ಕಳಿಸಿತು. ಜಯಲಲಿತಾ ಅದಕ್ಕೂ ಮೊದಲೇ, 2016ರ ಡಿಸೆಂಬರಿನಲ್ಲಿ, ತೀರಿಹೋಗಿದ್ದರು. ಇಷ್ಟು ಸುದೀರ್ಘ ಪ್ರಕರಣದಲ್ಲಿ ಜನರ ನೆನಪಿನಲ್ಲಿ ಉಳಿದದ್ದೇನು? 1996ರ ಶೋಧದಲ್ಲಿ ಸಿಕ್ಕಿದವೆಂದು ವರದಿಯಾದ 10,500 ಸೀರೆ ಮತ್ತು 750 ಜೊತೆ ಚಪ್ಪಲಿ. ಪ್ರಕರಣದ ತಿರುಳಿದ್ದದ್ದು ಜಮೀನುಗಳಲ್ಲಿ, ಕಟ್ಟಡಗಳಲ್ಲಿ, ಹಣ ಸುತ್ತಿಸಲು ಬಳಸಿದ ಸಂಸ್ಥೆಗಳ ಬ್ಯಾಂಕ್ ಖಾತೆಗಳಲ್ಲಿ. ಆ ಖಾತೆಗಳು ಹೇಗೆ ಕೆಲಸ ಮಾಡಿದವು ಎಂದು ವಿವರಿಸಬಲ್ಲವರು ಎಷ್ಟು ಮಂದಿ? ಸೀರೆಯ ಎಣಿಕೆ ಎಲ್ಲರಿಗೂ ಗೊತ್ತು. ಫಿಲಿಪ್ಪೀನ್ಸಿನಲ್ಲಿ 1986ರ ನಂತರ ಆದದ್ದೂ ಹೀಗೆಯೇ. ಪದಚ್ಯುತ ಅಧ್ಯಕ್ಷ ಮಾರ್ಕೋಸ್ ಮತ್ತು ಅವರ ಪತ್ನಿ ಇಮೆಲ್ಡಾ ಕೊಳ್ಳೆ ಹೊಡೆದ ಸಂಪತ್ತನ್ನು ಹುಡುಕಲು ಅಲ್ಲಿನ ಸರ್ಕಾರಗಳು ದಶಕಗಳನ್ನು ಕಳೆದವು, ಲೋಕ ಮಾತಾಡಿದ್ದು ಇಮೆಲ್ಡಾ ಅವರ ಪಾದರಕ್ಷೆಗಳ ಬಗ್ಗೆ. ಅಲಂಕಾರದ ಕಡೆಗೆ ಕಣ್ಣು ಹೊರಳಿದಾಗ ಅಪರಾಧದ ಯಂತ್ರ ಕಾಣದಾಗುತ್ತದೆ, ಆ ಯಂತ್ರ ಮತ್ತೊಬ್ಬರ ಕೈಯಲ್ಲಿ ನಿರಾತಂಕವಾಗಿ ತಿರುಗುತ್ತದೆ.

ಇದಕ್ಕೆ ಎದುರಾಗಿ ಒಂದು ನ್ಯಾಯವಾದ ಆಕ್ಷೇಪವಿದೆ. ಗಂಡಸರ ವೈಭವವನ್ನೂ ಪತ್ರಿಕೆಗಳು ಬಿಟ್ಟಿಲ್ಲವಲ್ಲ, ಬಳ್ಳಾರಿಯ ಗಣಿ ಧಣಿಗಳ ಚಿನ್ನದ ಕುರ್ಚಿಯೂ ಸುದ್ದಿಯಾಯಿತಲ್ಲ ಎನ್ನಬಹುದು. ಆಯಿತು, ನಿಜ. ವ್ಯತ್ಯಾಸ ಇರುವುದು ಆ ಸುದ್ದಿಯಿಂದ ಜನ ಎಳೆದ ತೀರ್ಮಾನದಲ್ಲಿ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದಿತು, ಒಂದು ಸರ್ಕಾರದ ಮುಖ್ಯಮಂತ್ರಿಯೇ ಬದಲಾಗಬೇಕಾಯಿತು. ಅದನ್ನು ಓದಿ ಯಾರೂ ಗಂಡಸರಿಗೆ ಅಧಿಕಾರ ಕೊಟ್ಟರೆ ಹೀಗೇ ಆಗುವುದು ಎನ್ನಲಿಲ್ಲ. ಪಕ್ಷವನ್ನು ಬೈದರು, ಜಾತಿಯನ್ನು ಎಳೆತಂದರು, ಹಣದ ರಾಜಕೀಯವನ್ನು ದೂರಿದರು, ಆದರೆ ಗಂಡಸುತನ ಆರೋಪಿಯ ಕಟಕಟೆ ಹತ್ತಲಿಲ್ಲ. ಜಯಲಲಿತಾ ಪ್ರಕರಣದಲ್ಲಿ, ಬಿಹಾರದಲ್ಲಿ ರಾಬ್ಡಿ ದೇವಿ 1997ರಲ್ಲಿ ಗಂಡನ ಜಾಗಕ್ಕೆ ಮುಖ್ಯಮಂತ್ರಿಯಾಗಿ ಬಂದ ಪ್ರಕರಣದಲ್ಲಿ, ಪ್ರತಿ ತಾಲ್ಲೂಕಿನಲ್ಲೂ ಸಿಕ್ಕಿಬಿದ್ದ ಯಾವುದೋ ಅಧ್ಯಕ್ಷೆಯ ಪ್ರಕರಣದಲ್ಲಿ ತೀರ್ಪು ಮಹಿಳೆಯರ ರಾಜಕೀಯ ಪ್ರವೇಶದ ಮೇಲೆಯೇ ಬೀಳುತ್ತದೆ. ಶುದ್ಧಿಯನ್ನು ಪ್ರವೇಶದ ಶುಲ್ಕವಾಗಿ ಪಡೆದವರು ಶುಲ್ಕ ಸಲ್ಲದಿದ್ದಾಗ ಬಾಗಿಲನ್ನೇ ಮುಚ್ಚಲು ಹೊರಡುತ್ತಾರೆ.

ಇನ್ನೊಂದು ಆಕ್ಷೇಪ ಮೀಸಲಾತಿಯ ಗೆಳೆಯರಿಂದಲೇ ಬರುತ್ತದೆ. ಆ ನಂಬಿಕೆ ಸುಳ್ಳೇ ಇರಲಿ, ಅದರಿಂದ ಹೆಣ್ಣುಮಕ್ಕಳಿಗೆ ನಾಲ್ಕು ಸ್ಥಾನ ಸಿಗುವುದಾದರೆ ನಷ್ಟವೇನು? ನಷ್ಟ ಎರಡು ಬಗೆಯದು. ಮೊದಲನೆಯದನ್ನು ಆನ್ ಮೇರಿ ಗೋಯೆಟ್ಜ್ 2007ರಲ್ಲೇ ಚೆನ್ನಾಗಿ ತೋರಿಸಿದ್ದಾರೆ: ಲಂಚದ ಅವಕಾಶಗಳೇ ಹೆಣ್ಣು-ಗಂಡಿಗೆ ಸಮನಾಗಿ ಹಂಚಿಕೆಯಾಗಿಲ್ಲ. ಗುತ್ತಿಗೆ, ಟಿಕೆಟ್ ಹಂಚಿಕೆ, ಚುನಾವಣಾ ನಿಧಿ ತೀರ್ಮಾನವಾಗುವ ಗೆಸ್ಟ್‌ಹೌಸಿನ ರಾತ್ರಿ ಕೂಟಗಳಿಗೆ ಮಹಿಳೆಯರಿಗೆ ಪ್ರವೇಶವಿಲ್ಲ. ಹೊರಗಿಟ್ಟದ್ದರ ಪರಿಣಾಮವನ್ನು ಸದ್ಗುಣವೆಂದು ಹೊಗಳಿದರೆ ಹೊರಗಿಟ್ಟವರಿಗೆ ಅನುಕೂಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಮಹಿಳೆಯರಿರುವ ಇದೇ ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆ 224 ಸ್ಥಾನಗಳಿಗೆ 10 ಮಹಿಳೆಯರನ್ನು ಆರಿಸಿತು. ದುಡ್ಡಿನ ಹರಿವು ದೊಡ್ಡದಾದಂತೆ ಅವರ ಸಂಖ್ಯೆ ಕುಗ್ಗಿದೆ. ಎರಡನೆಯ ನಷ್ಟ ದಿನನಿತ್ಯದ್ದು. ಪ್ರಾಮಾಣಿಕತೆ ಹೆಣ್ಣಿನ ಸ್ವಭಾವ ಎಂದುಕೊಂಡರೆ ಪ್ರಾಮಾಣಿಕತೆಯನ್ನು ಕಾಯುವ ವ್ಯವಸ್ಥೆಗೆ ಯಾರೂ ಶ್ರಮ ಹಾಕುವುದಿಲ್ಲ. ಗ್ರಾಮ ಪಂಚಾಯಿತಿಯ ವರ್ಷದ ಲೆಕ್ಕವನ್ನು ಊರವರ ಮುಂದೆ ತೆರೆದಿಡುವ ಜಮಾಬಂದಿ ಕರ್ನಾಟಕದಲ್ಲಿ ನಿಯಮವಾಗಿದೆ. ಎಷ್ಟೋ ಕಡೆ ಅದು ಒಂದು ಮಧ್ಯಾಹ್ನದ ಶಾಸ್ತ್ರವಾಗಿ ಮುಗಿಯುತ್ತದೆ. ಅದು ಸರಿಯಾಗಿ ನಡೆದರೆ ಅಧ್ಯಕ್ಷ ಗಂಡೋ ಹೆಣ್ಣೋ ಎಂದು ಹುಡುಕುವ ಅಗತ್ಯವೇ ಬೀಳದು.

ಹಾಗಾದರೆ ಲಂಚ ತಗ್ಗಿಸದ ಮೀಸಲಾತಿ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಅಧ್ಯಯನದಲ್ಲಿ ದೊರೆತಿದೆ: ಮಹಿಳೆ ಅಧ್ಯಕ್ಷೆಯಾದ ಕಡೆ, ಊರಿನ ಹೆಣ್ಣುಮಕ್ಕಳು ಹೆಚ್ಚಾಗಿ ಬೇಡಿದ ಕೆಲಸಗಳಿಗೆ, ಎರಡೂ ರಾಜ್ಯಗಳಲ್ಲಿ ಮುಖ್ಯವಾಗಿ ಕುಡಿಯುವ ನೀರಿಗೆ, ಹೆಚ್ಚು ಹಣ ಹೋಯಿತು. ಪಾಲು ಕೇಳಲು ಇದಕ್ಕಿಂತ ಬೇರೆ ಯೋಗ್ಯತೆ ಬೇಕಿಲ್ಲ. ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ ಒಂದೇ ಭಾಷಣವನ್ನು ಕೆಲವರಿಗೆ ಗಂಡುದನಿಯಲ್ಲಿ, ಕೆಲವರಿಗೆ ಹೆಣ್ಣುದನಿಯಲ್ಲಿ ಕೇಳಿಸಿದರು. ಮಹಿಳಾ ಮುಖಂಡರನ್ನು ಎಂದೂ ಕಾಣದ ಊರುಗಳ ಗಂಡಸರು ಹೆಣ್ಣುದನಿಯ ಮುಖಂಡತ್ವಕ್ಕೆ ಕಡಿಮೆ ಅಂಕ ಕೊಟ್ಟರು. ಮಹಿಳೆಯ ಆಡಳಿತ ಕಂಡ ಊರುಗಳಲ್ಲಿ ಆ ತಾರತಮ್ಯ ಅಳಿಸಿಹೋಗಿತ್ತು. ಜನರ ಮನಸ್ಸು ಬದಲಾಗಲು ಕಾಲ ಬೇಕು, ಅಧ್ಯಕ್ಷೆ ಕೆಲಸ ಕಲಿಯಲೂ ಕಾಲ ಬೇಕು; ಆಂಧ್ರದ ಲೆಕ್ಕವೂ ಅದನ್ನೇ ಹೇಳಿತು. ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನದ ಅವಧಿ 30 ತಿಂಗಳು, ಜಿಲ್ಲಾ ಪಂಚಾಯಿತಿಯಲ್ಲಿ ಬಹುಕಾಲ ಇದ್ದದ್ದು 20 ತಿಂಗಳು. ಅಳತೆ ಪುಸ್ತಕ ಓದಲು, ಪಿಡಿಒ ಮುಂದಿಟ್ಟ ಕಡತವನ್ನು ಧೈರ್ಯವಾಗಿ ವಾಪಸು ಕಳಿಸಲು ಹೆಣ್ಣುಮಗಳೊಬ್ಬಳು ಕಲಿಯುವ ಹೊತ್ತಿಗೆ ಮೀಸಲಿನ ಪಟ್ಟಿ ತಿರುಗಿ ಕುರ್ಚಿ ಬೇರೆಯವರಿಗೆ ಹೋಗಿರುತ್ತದೆ. ಹೆಣ್ಣಿನ ಪ್ರಾಮಾಣಿಕತೆಯನ್ನು ವೇದಿಕೆಯ ಮೇಲೆ ಹಾಡಿಹೊಗಳುವ ಎಲ್ಲ ಪಕ್ಷಗಳೂ ಅವಳಿಗೆ ಪೂರ್ತಿ 5 ವರ್ಷದ ಅವಧಿಯನ್ನು, ಮೊದಲ ತಿಂಗಳಲ್ಲೇ ಲೆಕ್ಕಪತ್ರದ ತರಬೇತಿಯನ್ನು ಕೊಡಲಿ. ಅಷ್ಟು ಕೊಟ್ಟ ಮೇಲೂ ಅವಳು ತಪ್ಪು ಬಿಲ್ಲಿಗೆ ಸಹಿ ಹಾಕಿದರೆ, ಅದೇ ತಪ್ಪಿಗೆ ಗಂಡಸಿಗೆ ಆಗುವ ಶಿಕ್ಷೆಯೇ ಅವಳಿಗೂ ಆಗಲಿ.